ಒಲಿಂಪಿಕ್ಸ್ ಗೆದ್ದವರಿಗೆ ಐರನ್‌ಮ್ಯಾನ್ ಏನು ಮಹಾ?

"ಒಲಿಂಪಿಕ್ಸ್ ಟ್ರಯಥ್ಲಾನ್‌ನಲ್ಲಿ ಚಿನ್ನ ಗೆದ್ದವರಿಗೆ ಐರನ್‌ಮ್ಯಾನ್ ಏನು ಮಹಾ ಸರ್? ಸ್ವಲ್ಪ ನಿಧಾನವಾಗಿ, ಜಾಸ್ತಿ ಹೊತ್ತು ಹೋದರಾಯಿತಲ್ಲ?" ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಜೊತೆ ಸೈಕಲ್ ತುಳಿಯುವ ಹುಡುಗರು ಇದನ್ನು ಕೇಳುತ್ತಲೇ ಇರುತ್ತಾರೆ. ಅವರ ಅಪ್ಪಂದಿರೂ ಕೇಳುತ್ತಾರೆ, ಜೊತೆಗೆ ಒಂದು ಬಾಲ ಸೇರಿಸುತ್ತಾರೆ: "ವಯಸ್ಸಾಯಿತು ಅಂತ ತಾನೇ ಅಲ್ಲಿಗೆ ಹೋಗುವುದು?" ಚಹಾ ಆರುವುದರೊಳಗೆ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿಲ್ಲ.

ಮೊದಲು ದೂರದ ಲೆಕ್ಕ. ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆ. ಐರನ್‌ಮ್ಯಾನ್ ಅದರದೇ ಉದ್ದನೆಯ ರೂಪ, ಎರಡರಲ್ಲೂ ಕ್ರಮ ಅದೇ. ಒಲಿಂಪಿಕ್ಸ್‌ನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಸೈಕಲ್ ಭಾಗವೆಂದರೆ ನಮ್ಮೂರಿನಿಂದ ಭದ್ರಾವತಿಗೆ ಹೋಗಿ ಬಂದಷ್ಟು. ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜಿದ ಮೇಲೆ 180 ಕಿ.ಮೀ. ಸೈಕಲ್. ತೀರ್ಥಹಳ್ಳಿ ದಾಟಿ ಆಗುಂಬೆ ಮುಟ್ಟಿ, ಸೂರ್ಯಾಸ್ತಕ್ಕೂ ಕಾಯದೆ ವಾಪಸ್ಸು ಬಂದಷ್ಟು. ಇಳಿದ ಕೂಡಲೇ 42.2 ಕಿ.ಮೀ. ಓಟ, ಹೆಚ್ಚುಕಡಿಮೆ ತರೀಕೆರೆಯವರೆಗೆ. ಮೊದಲನೆಯದನ್ನು ಜಗತ್ತಿನ ಅಗ್ರಗಣ್ಯರು ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಾರೆ. ಎರಡನೆಯದಕ್ಕೆ ಅವರಿಗೂ ಏಳೂವರೆ, ಎಂಟು ಗಂಟೆ ಬೇಕು.

ಹೃದಯದ ಬಲ, ಶ್ವಾಸಕೋಶದ ಬಲ, ನೀರಿನಲ್ಲಿನ ಚುರುಕು ಇವೆಲ್ಲ ಒಂದರಿಂದ ಇನ್ನೊಂದಕ್ಕೆ ಧಾರಾಳವಾಗಿ ಬರುತ್ತವೆ. ತೊಂದರೆ ಕೊಡುವುದು, ಜೊತೆಯಲ್ಲೇ ಬಂದುಬಿಡುವ ಅಭ್ಯಾಸ. ಒಲಿಂಪಿಕ್ ಮಾದರಿಯಲ್ಲಿ ಸೈಕಲ್ ಸವಾರರು ಗುಂಪಾಗಿ, ಒಬ್ಬರ ಚಕ್ರಕ್ಕೆ ಇನ್ನೊಬ್ಬರು ಅಂಟಿಕೊಂಡು ಹೋಗಬಹುದು. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಶ್ರಮ ಉಳಿಯುತ್ತದೆ. ಈಜಿನಲ್ಲಿ ಹತ್ತಿಪ್ಪತ್ತು ಸೆಕೆಂಡು ಹಿಂದೆ ಬಿದ್ದು ಆ ಗುಂಪು ತಪ್ಪಿತೋ, ಬಹುಪಾಲು ಅಲ್ಲಿಗೇ ಕಥೆ ಮುಗಿಯಿತು. ಹಾಗಾಗಿ ಯಾರೇ ವೇಗ ಹೆಚ್ಚಿಸಿದರೂ ಆ ಕ್ಷಣವೇ ಉತ್ತರ ಕೊಡಬೇಕು. ಹದಿಹರೆಯದಿಂದ ಅದನ್ನೇ ಮೈಗೆ ಕಲಿಸಿರುತ್ತಾರೆ.

ಐರನ್‌ಮ್ಯಾನ್‌ನಲ್ಲಿ ಅಂಟಿಕೊಳ್ಳುವಂತಿಲ್ಲ. ಇಬ್ಬರ ನಡುವೆ 12 ಮೀಟರ್ ಅಂತರ ಬಿಡಬೇಕೆಂಬುದು ಬಹುಕಾಲ ನಡೆದುಬಂದ ನಿಯಮ. ಮುರಿದರೆ ದಂಡದ ಜಾಗದಲ್ಲಿ ನಿಮಿಷಗಟ್ಟಲೆ ನಿಲ್ಲಬೇಕು. ನಾಲ್ಕು ಗಂಟೆ ನಿಮ್ಮ ಗಾಳಿ ನಿಮಗೇ. ಯಾರೋ ಪಕ್ಕದಿಂದ ಸರ್ರನೆ ಹೋದರೆ, "ಹೋಗು ಮಾರಾಯ" ಎಂದು ಸುಮ್ಮನಿರುವ ಸಂಯಮ ಬೇಕು. ಉತ್ತರ ಕೊಟ್ಟರೆ ಅದರ ಬಡ್ಡಿಯನ್ನು ಓಟದ ಮೂವತ್ತನೆಯ ಕಿಲೋಮೀಟರಿನಲ್ಲಿ ಕಟ್ಟಬೇಕಾಗುತ್ತದೆ. ನಮ್ಮಲ್ಲಿ ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಗಂಟೆಯ ಕಾಲಮಿತಿ ಪ್ರಯೋಗದಲ್ಲಿ ಪ್ರವೇಶದಲ್ಲೇ ಧೀಂಗಿಣ ಹೊಡೆದು ಚಪ್ಪಾಳೆ ಗಿಟ್ಟಿಸಿದವನು, ಬೆಳಗಿನವರೆಗಿನ ಆಟದಲ್ಲೂ ಹಾಗೆಯೇ ಮಾಡಿದರೆ ಕೊನೆಯ ಯುದ್ಧಕ್ಕೆ ಕಾಲಿರುವುದಿಲ್ಲ.

ದೊಡ್ಡ ಹೆಸರುಗಳೂ ಇಲ್ಲಿ ಎಡವಿವೆ. ಬ್ರಿಟನ್ನಿನ ಅಲಿಸ್ಟೇರ್ ಬ್ರೌನ್ಲಿ 2012 ಮತ್ತು 2016ರ ಒಲಿಂಪಿಕ್ ಚಿನ್ನ ಗೆದ್ದವರು. ಹವಾಯಿಯ ಕೋನಾದಲ್ಲಿ 2019ರ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ಗೆ ಇಳಿದಾಗ ಬಂದದ್ದು 21ನೆಯ ಸ್ಥಾನ. ಲಂಡನ್‌ನಲ್ಲಿ ಬೆಳ್ಳಿ ಗೆದ್ದ ಸ್ಪೇನಿನ ಹವಿಯರ್ ಗೊಮೆಜ್ ಅದರ ಹಿಂದಿನ ವರ್ಷ ಅಲ್ಲಿ 11ನೆಯವರಾಗಿದ್ದರು. ಬೀಜಿಂಗ್ ಚಿನ್ನದ ಜರ್ಮನ್ ಯಾನ್ ಫ್ರೊಡೆನೊ ಮಾತ್ರ 2015, 2016, 2019ರಲ್ಲಿ ಕೋನಾ ಗೆದ್ದರು. ಒಲಿಂಪಿಕ್ ಚಿನ್ನ ಮತ್ತು ಕೋನಾ ಕಿರೀಟ ಎರಡೂ ದಕ್ಕಿದ ಮೊದಲಿಗರು ಅವರೇ. ಆದರೆ ಚಿನ್ನಕ್ಕೂ ಮೊದಲ ಕಿರೀಟಕ್ಕೂ ನಡುವೆ ಏಳು ವರ್ಷ ಕಳೆದಿತ್ತು. 2014ರ ಮೊದಲ ಕೋನಾದಲ್ಲಿ ಟೈರ್ ಪಂಕ್ಚರ್ ಆಗಿ, ದಂಡವನ್ನೂ ತೆತ್ತು, ಮೂರನೆಯವರಾಗಿ ಬಂದಿದ್ದರು.

ಇನ್ನು ಭಂಗಿ. ದೂರದ ಸ್ಪರ್ಧೆಯ ಸೈಕಲ್‌ನಲ್ಲಿ ಮೊಣಕೈಗಳನ್ನು ಮುಂದಿನ ಹಿಡಿಕೆಯ ಮೇಲಿಟ್ಟು, ಬೆನ್ನು ಬಾಗಿಸಿ, ಕತ್ತು ಮಾತ್ರ ಎತ್ತಿಕೊಂಡು ಗಂಟೆಗಟ್ಟಲೆ ಕೂರಬೇಕು. ಇದನ್ನು ತೀರ್ಥಹಳ್ಳಿ ರಸ್ತೆಯಲ್ಲಿ ಅಭ್ಯಾಸ ಮಾಡಲು ಹೋಗಬೇಡಿ. ಆ ತಿರುವುಗಳಲ್ಲಿ ಎದುರಿಗೆ ಬರುವ ಖಾಸಗಿ ಬಸ್ಸಿಗೆ ನಿಮ್ಮ ಭಂಗಿಯ ಬಗ್ಗೆ ಆಸಕ್ತಿಯಿಲ್ಲ.

ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಹೊಟ್ಟೆಯದು, ಯಾರೂ ಅದರ ಬಗ್ಗೆ ಕೇಳುವುದಿಲ್ಲ. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಒಂದೂಮುಕ್ಕಾಲು ಗಂಟೆಯ ಸ್ಪರ್ಧೆಗೆ ಹೇಗೋ ಸಾಕಾಗುತ್ತದೆ, ಎಂಟು ಗಂಟೆಗೆ ಸಾಲುವುದಿಲ್ಲ. ಹಾಗಾಗಿ ತುಳಿಯುತ್ತಲೇ ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಇಳಿಸುತ್ತಾರೆ. ಗ್ಲೂಕೋಸ್ ಒಂದನ್ನೇ ಕುಡಿದರೆ ಕರುಳು ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಹೀರಿಕೊಳ್ಳುವುದಿಲ್ಲ. ಫ್ರಕ್ಟೋಸ್‌ಗೆ ಬೇರೆ ದಾರಿ ಇರುವುದರಿಂದ ಎರಡನ್ನೂ ಬೆರೆಸುತ್ತಾರೆ. (ನಮ್ಮ ಬೆಲ್ಲದ ಪಾನಕದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಸಮ ಇವೆ. ಅಜ್ಜಿಯರಿಗೆ ಯಾರೂ ಪ್ರಾಯೋಜಕರಿರಲಿಲ್ಲ, ಅಷ್ಟೆ.) ಅಷ್ಟನ್ನು ಅರಗಿಸಲು ಹೊಟ್ಟೆಗೆ ರಕ್ತ ಬೇಕು. ಅದೇ ರಕ್ತವನ್ನು ಕಾಲೂ ಕೇಳುತ್ತದೆ, ಬಿಸಿಲಿನಲ್ಲಿ ಮೈ ತಣಿಸಲು ಚರ್ಮವೂ ಕೇಳುತ್ತದೆ. ಆದ್ದರಿಂದ ಸ್ನಾಯುವಿನಂತೆ ಕರುಳಿಗೂ ವಾರಗಟ್ಟಲೆ ತರಬೇತಿ ಬೇಕು.

ನಮ್ಮ ಗುಂಪಿನಲ್ಲಿ ಒಬ್ಬ ಹುಡುಗನಿದ್ದಾನೆ. ಭದ್ರಾವತಿ ಸವಾರಿಯಲ್ಲಿ ಅವನನ್ನು ಹಿಡಿಯುವವರಿಲ್ಲ. ಆಗುಂಬೆಗೆ ಹೋದ ದಿನ ತೀರ್ಥಹಳ್ಳಿಯಲ್ಲಿ ಎಲ್ಲರೂ ಇಡ್ಲಿ ತಿನ್ನುವಾಗ ತನಗೆ ಹಸಿವಿಲ್ಲ ಎಂದ. ವಾಪಸ್ಸು ಬರುವಾಗ ಮಂಡಗದ್ದೆಯ ಬಳಿ ಮೋರಿಕಟ್ಟೆಯ ಮೇಲೆ ಕುಳಿತುಬಿಟ್ಟ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆಗಳು. ಬೆನ್ನಿನ ಜೇಬಿನಲ್ಲಿ ಬಾಳೆಹಣ್ಣಿತ್ತು, ಆದರೆ ಬೆರಳು ನಡುಗಿ ಜಿಪ್ ಎಳೆಯಲು ಆಗುತ್ತಿರಲಿಲ್ಲ. ನಾವೇ ತೆಗೆದು, ಸುಲಿದು ಕೊಟ್ಟೆವು.

ಇದು ಹವ್ಯಾಸಿಗಳ ಪಾಡು ಎಂದು ನಗಬೇಡಿ. ಅಮೆರಿಕದ ಟೇಲರ್ ನಿಬ್ ಒಲಿಂಪಿಕ್ಸ್‌ನ ಮಿಶ್ರ ರಿಲೇಯಲ್ಲಿ ಎರಡು ಬಾರಿ ಬೆಳ್ಳಿ ಗೆದ್ದ ತಂಡದವರು. ಅರ್ಧ ಐರನ್‌ಮ್ಯಾನ್‌ನಲ್ಲಿ 2022ರಿಂದ 2024ರವರೆಗೆ ಸತತ ಮೂರು ಬಾರಿ ವಿಶ್ವ ಚಾಂಪಿಯನ್. 2025ರ ಅಕ್ಟೋಬರ್‌ನಲ್ಲಿ ಕೋನಾದ ಓಟದಲ್ಲಿ ಅವರು ಎಲ್ಲರಿಗಿಂತ ಮುಂದಿದ್ದರು, ಗೆಲುವಿಗೆ ಸುಮಾರು ಮೂರು ಕಿಲೋಮೀಟರ್ ಉಳಿದಿತ್ತು. ಅಲ್ಲಿ ರಸ್ತೆಯ ಮೇಲೆ ಕುಳಿತವರು ಓಟ ಮುಂದುವರಿಸಲಿಲ್ಲ. ನಾರ್ವೆಯ ಸೋಲ್‌ವೈಗ್ ಲೋವ್‌ಸೆತ್ ಗೆದ್ದರು. ಎಂಟು ಗಂಟೆ ಚೆನ್ನಾಗಿ ನಡೆದ ಲೆಕ್ಕ ಹತ್ತು ನಿಮಿಷದಲ್ಲಿ ತಲೆಕೆಳಗಾಯಿತು.

ಅಪ್ಪಂದಿರ ಪ್ರಶ್ನೆಗೆ ಉತ್ತರ ಚಿಕ್ಕದು. ವಯಸ್ಸಿನ ಮಾತು ಮೊದಲು ಸ್ವಲ್ಪ ನಿಜವಾಗಿತ್ತು, ಈಗಲ್ಲ. ನಾರ್ವೆಯ ಕ್ರಿಸ್ಟಿಯನ್ ಬ್ಲುಮೆನ್‌ಫೆಲ್ಟ್ 2021ರ ಜುಲೈನಲ್ಲಿ ಟೋಕಿಯೋ ಚಿನ್ನ ಗೆದ್ದರು. ಅದೇ ನವೆಂಬರ್‌ನಲ್ಲಿ ಮೆಕ್ಸಿಕೋದ ಕೊಝುಮೆಲ್‌ನಲ್ಲಿ ತಮ್ಮ ಮೊದಲ ಐರನ್‌ಮ್ಯಾನ್ ಅನ್ನು 7 ಗಂಟೆ 21 ನಿಮಿಷದಲ್ಲಿ ಮುಗಿಸಿದರು. ಅಲ್ಲಿನ ಕಡಲ ಸೆಳೆತ ಈಜಿಗೆ ಸಹಾಯ ಮಾಡುತ್ತದೆ ಎಂದು ಗೊಣಗುವವರಿದ್ದಾರೆ, ಗೊಣಗಲಿ. ಆಗ ಅವರಿಗೆ 27. ಅವರ ತಂಡದ ಗುಸ್ತಾವ್ ಈಡನ್ 26ರ ಪ್ರಾಯದಲ್ಲಿ, 2022ರಲ್ಲಿ, ಮೊದಲ ಪ್ರಯತ್ನದಲ್ಲೇ ಕೋನಾ ಗೆದ್ದರು. ಇವರು ದೂರದ ಸ್ಪರ್ಧೆಯನ್ನು ನಿವೃತ್ತಿಯ ತೋಟದ ಮನೆಯೆಂದು ನೋಡಲಿಲ್ಲ. ಬಹುಮಾನದ ಹಣವೂ ಈಗ ದೂರದ ಕಡೆಗೇ ಸೆಳೆಯುತ್ತಿದೆ.

ಸಿಕ್ಕು ಇರುವುದು ಹಿಂತಿರುಗುವುದರಲ್ಲಿ. ಬ್ಲುಮೆನ್‌ಫೆಲ್ಟ್ ಪ್ಯಾರಿಸ್ ಒಲಿಂಪಿಕ್ಸ್‌ಗಾಗಿ ಮತ್ತೆ ಚಿಕ್ಕ ದೂರಕ್ಕೆ ಬಂದರು. 2024ರಲ್ಲಿ ಸಿಕ್ಕಿದ್ದು 12ನೆಯ ಸ್ಥಾನ. ಮರುವರ್ಷ ಫ್ರಾನ್ಸಿನ ನೀಸ್‌ನಲ್ಲಿ ನಡೆದ ಪುರುಷರ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ಯಾಸ್ಪರ್ ಸ್ಟೋರ್ನೆಸ್, ಈಡನ್, ಬ್ಲುಮೆನ್‌ಫೆಲ್ಟ್ ಮೊದಲ ಮೂರು ಸ್ಥಾನ ಹಂಚಿಕೊಂಡರು. ಮೂವರೂ ನಾರ್ವೆಯವರು, ಮೂವರೂ ಚಿಕ್ಕ ದೂರದಲ್ಲಿ ಪಳಗಿದವರು. ನಿಧಾನವಾಗಿ ಹೋಗಲು ಕಲಿತವರು ಎನ್ನುವುದಕ್ಕಿಂತ, ಯಾರಿಗೆ ಯಾವಾಗ ಉತ್ತರ ಕೊಡಬಾರದು ಎಂಬುದನ್ನು ಕಲಿತವರು ಎನ್ನುವುದು ಸರಿ.

ಗೋವಾದ ಅರ್ಧ ಐರನ್‌ಮ್ಯಾನ್‌ಗೆ ಹೆಸರು ಕೊಡುತ್ತೇನೆ ಎನ್ನುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಒಂದು ಭಾನುವಾರ ಗುಂಪು ಬಿಟ್ಟು ಒಬ್ಬರೇ ಹೊನ್ನಾಳಿಗೆ ಹೋಗಿ ಬನ್ನಿ. ಅರ್ಧ ಗಂಟೆಗೊಮ್ಮೆ ಏನಾದರೂ ತಿನ್ನಿ, ಹಸಿವಿಲ್ಲದಿದ್ದರೂ. ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ ನಿಮ್ಮನ್ನು ಹಿಂದೆ ಹಾಕಿದರೆ ಹಾಕಲಿ ಬಿಡಿ.