ನಮ್ಮ ಇಂಡಸ್ಟ್ರಿನೇ ಬೇರೆ, ಅಲ್ವಾ?

ಸೇಫ್ಟಿ ಸಿಸ್ಟಮ್‌ಗಳ ಬಗ್ಗೆ ಟ್ರೇನಿಂಗ್ ಕೊಡಲು ಎಲ್ಲಿಗೆ ಹೋದರೂ ಈ ಪ್ರಶ್ನೆ ನನಗಿಂತ ಮೊದಲೇ ಬಂದು ಕೂತಿರುತ್ತದೆ. "ಅಣುಸ್ಥಾವರದ ಪಾಠ ಕೆಮಿಕಲ್ ಪ್ಲಾಂಟಿಗೆ ಹೇಗೆ ಸಾರ್ ಹೊಂದುತ್ತೆ? ನಮ್ಮ ಇಂಡಸ್ಟ್ರಿನೇ ಬೇರೆ, ಅಲ್ವಾ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೊಂದುತ್ತೆ. ಮುಗಿಯಿತು ಉತ್ತರ.

ಸಿಟ್ಟು ಬರುವುದು ಕೊನೆಯ ಆ 'ಅಲ್ವಾ'ಗೆ. ಅದನ್ನು ಹಾಕಿದ ಮೇಲೆ ಉತ್ತರಕ್ಕೆ ಜಾಗ ಎಲ್ಲಿದೆ?

ಒಂದು ಸಲ ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದ ಕತೆ ಹೇಳುತ್ತಿದ್ದೆ. 1979ರ ಮಾರ್ಚ್ 28. ಒತ್ತಡ ಇಳಿಸಲು ತೆರೆದ ವಾಲ್ವ್ ಮತ್ತೆ ಮುಚ್ಚಲೇ ಇಲ್ಲ. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿತ್ತು. ದೀಪ ಆರಿದೆ, ವಾಲ್ವ್ ಮುಚ್ಚಿದೆ ಎಂದು ಆಪರೇಟರುಗಳು ನಂಬಿದರು. 'ಮುಚ್ಚು' ಅಂತ ಸಿಗ್ನಲ್ ಹೋಗಿದೆ ಅನ್ನುವುದಷ್ಟೇ ಆ ದೀಪಕ್ಕೆ ಗೊತ್ತಿದ್ದದ್ದು. ಎರಡು ಗಂಟೆಗೂ ಜಾಸ್ತಿ ಹೊತ್ತು ರಿಯಾಕ್ಟರಿನ ನೀರು ಹೊರಗೆ ಹೋಗುತ್ತಲೇ ಇತ್ತು.

"ನಮ್ಮಲ್ಲಿ ಯುರೇನಿಯಂ ಇಲ್ಲ ಸಾರ್" ಅಂದರು ಹಿರಿಯ ಮೆಂಟೇನೆನ್ಸ್ ಇಂಜಿನಿಯರ್ ಒಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ, ಅಪಾಯ ಬಂದಾಗ ಹರಿವು ನಿಲ್ಲಿಸುವ ಅವರ ಶಟ್‌ಡೌನ್ ವಾಲ್ವಿನ ಟೆಸ್ಟ್ ರಿಪೋರ್ಟ್ ಕೇಳಿದೆ. ಐದು ವರ್ಷದಿಂದ 'ಓಕೆ'.

"ಏನು ನೋಡಿ ಓಕೆ ಬರೆದ್ರಿ?"

"ವಾಲ್ವ್‌ಗೆ ಆರ್ಡರ್ ಕೊಡೋ ಕಾಯಿಲ್ ಇದೆಯಲ್ಲ, ಆ ಸೊಲೆನಾಯ್ಡ್‌ಗೆ ಸಿಗ್ನಲ್ ಬಂತು ಸಾರ್."

"ವಾಲ್ವ್ ಅಲ್ಲಾಡ್ತಾ?"

"ಅದಕ್ಕೆ ಪ್ಲಾಂಟ್ ನಿಲ್ಲಿಸಬೇಕಲ್ಲ!"

ಅದೇ ದೀಪ, ಸ್ವಾಮಿ.

ಲೆಕ್ಕ ಬೇಕಾ? ಗುಟ್ಟಾಗಿ ಕೆಟ್ಟು ಕೂರುವ ವಾಲ್ವ್, ಸರಾಸರಿ 50 ವರ್ಷಕ್ಕೊಮ್ಮೆ ಕೆಡುತ್ತದೆ ಅಂತಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ನಿಜವಾಗಿ ಮುಚ್ಚಿ ನೋಡಿದರೆ, ಕೆಟ್ಟದ್ದು ಸರಾಸರಿ ಅರ್ಧ ವರ್ಷ ಗೊತ್ತಾಗದೆ ಕೂತಿರುತ್ತದೆ; 50 ವರ್ಷದಲ್ಲಿ ಅರ್ಧ ವರ್ಷ, ಅಂದರೆ ಬೇಕಾದಾಗ ಅದು ಕೈಕೊಡುವ ಸಾಧ್ಯತೆ ಸುಮಾರು 100ರಲ್ಲಿ 1. ಐದು ವರ್ಷಕ್ಕೊಮ್ಮೆ ನೋಡಿದರೆ 20ರಲ್ಲಿ 1. ಈ ಗುಣಾಕಾರಕ್ಕೆ ಯುರೇನಿಯಂ ಬೇಕಾಗಿಲ್ಲ. ಆ 50 ಅನ್ನುವ ಅಂಕಿಯನ್ನು ಮಾತ್ರ ಬೇರೆಯವರಿಂದ ಸುಮ್ನೆ ಎತ್ತಿಕೊಂಡು ಬರಬೇಡಿ. ಶುದ್ಧ ಆವಿಯಲ್ಲಿರುವ ವಾಲ್ವಿನ ಆಯಸ್ಸೇ ಬೇರೆ, ಅಂಟು ದ್ರವದಲ್ಲಿ ಕೂತಿರುವುದರ ಆಯಸ್ಸೇ ಬೇರೆ. 'ನಮ್ಮದು ಬೇರೆ' ಅನ್ನುವ ಮಾತನ್ನು ಅಷ್ಟರ ಮಟ್ಟಿಗೆ ಒಪ್ಪುತ್ತೇನೆ.

ಯಾರಾದರೂ ಇದನ್ನು ಕೇಳಬಾರದೇ: ಒಂದೇ ಇಂಡಸ್ಟ್ರಿಯೊಳಗೂ ಪಾಠ ಯಾಕೆ ದಾಟಲ್ಲ? 1977ರ ಸೆಪ್ಟೆಂಬರಿನಲ್ಲಿ, ಥ್ರೀ ಮೈಲ್ ಐಲೆಂಡಿನ ರಿಯಾಕ್ಟರ್ ಮಾಡಿದ ಕಂಪನಿಯದೇ ರಿಯಾಕ್ಟರ್ ಇದ್ದ ಡೇವಿಸ್-ಬೆಸ್ಸಿ ಅನ್ನುವ ಇನ್ನೊಂದು ಅಮೆರಿಕನ್ ಅಣುಸ್ಥಾವರದಲ್ಲಿ, ಇಂಥದೇ ವಾಲ್ವ್ ಹೀಗೇ ತೆರೆದು ಉಳಿದಿತ್ತು. ರಿಯಾಕ್ಟರ್ ಕಡಿಮೆ ಪವರ್‌ನಲ್ಲಿತ್ತು. ಅಲ್ಲಿನವರು ಸುಮಾರು 20 ನಿಮಿಷದಲ್ಲಿ ಕಂಡುಹಿಡಿದರು. ದೊಡ್ಡದೇನೂ ಆಗಲಿಲ್ಲ. ಎಲ್ಲ ಪ್ಲಾಂಟುಗಳಿಗೂ ಎಚ್ಚರಿಕೆ ಕೊಡಿ ಎಂದು ಕಂಪನಿಯ ಇಂಜಿನಿಯರುಗಳೇ ಮೆಮೊ ಬರೆದರು. ಮೆಮೊ ಆಫೀಸಿನೊಳಗೇ ಸುತ್ತುತ್ತಿತ್ತು. ಡೇವಿಸ್-ಬೆಸ್ಸಿಯಿಂದ ಥ್ರೀ ಮೈಲ್ ಐಲೆಂಡಿಗೆ ಹದಿನೆಂಟು ತಿಂಗಳು.

ಯುರೇನಿಯಂ ಇಲ್ಲ ಅಂದಿದ್ದ ಆ ಇಂಜಿನಿಯರ್ ಟೀ ಹೊತ್ತಿನಲ್ಲಿ ಒಬ್ಬರೇ ಹತ್ತಿರ ಬಂದರು. ಪ್ಲಾಂಟ್ ನಿಲ್ಲಿಸದೆ ವಾಲ್ವನ್ನು ಸ್ವಲ್ಪವೇ ಅಲ್ಲಾಡಿಸಿ ನೋಡಿದರೆ ಸಾಕಾ ಅಂತ ಕೇಳಿದರು. ಸಿಕ್ಕಿಕೊಂಡಿದೆಯಾ ಅನ್ನುವುದು ತಿಳಿಯುತ್ತೆ, ಪೂರ್ತಿ ಮುಚ್ಚಿದಾಗ ಸೋರುತ್ತಾ ಅನ್ನುವುದು ತಿಳಿಯಲ್ಲ ಅಂದೆ. ಅವರು ಪೆನ್ನು ತೆಗೆದರು. ಟೀ ಆರಿಹೋಯಿತು.