ಅಂಗೈ ಅಗಲದ ಚಿತ್ರದಲ್ಲಿ ಒಬ್ಬ ಇಲಿ ಹಿಡಿಯುವವನು

ಆಮ್‌ಸ್ಟರ್‌ಡ್ಯಾಮ್‌ಗೆ ಹೋದವರು ರೈಕ್ಸ್‌ಮ್ಯೂಸಿಯಂನಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್‌ನ 'ನೈಟ್ ವಾಚ್' ನೋಡದೆ ಬರುವುದಿಲ್ಲ. ನಾವೂ ನೋಡಿದೆವು. ಗೋಡೆ ತುಂಬುವ ಚಿತ್ರ, ಅದರ ಮುಂದೆ ಮೊಬೈಲ್ ಎತ್ತಿ ನಿಂತ ಜನ. ಚೆನ್ನಾಗಿಲ್ಲ ಅಂತಲ್ಲ. ಆದರೆ ರೆಂಬ್ರಾಂಟ್ ನನಗೆ ಹಿಡಿಸಿದ್ದು ಮರುದಿನ, ವಾಟರ್‌ಲೂಪ್ಲೇನ್ ಸಂತೆಯ ಹತ್ತಿರ ಇರುವ, ಈಗ ಮ್ಯೂಸಿಯಂ ಆಗಿರುವ ಅವನ ಮನೆಯಲ್ಲಿ.

1639ರಲ್ಲಿ 13,000 ಗಿಲ್ಡರ್‌ಗೆ (ಆಗಿನ ಡಚ್ ಹಣ) ಕೊಂಡ ಮನೆ. ಸಾಲ ಮೈಮೇಲೆ ಬಂದು 1656ರಲ್ಲಿ ದಿವಾಳಿ ಎದ್ದ. ಆಗ ಮನೆಯ ಸಾಮಾನನ್ನೆಲ್ಲ ಪಟ್ಟಿ ಮಾಡಿದ್ದರಂತೆ, ಆ ಪಟ್ಟಿ ಹಿಡಿದೇ ಈಗ ಕೋಣೆಗಳನ್ನು ಸಜ್ಜು ಮಾಡಿದ್ದಾರೆ. ಮೆಟ್ಟಿಲು ಮಾತ್ರ ಕಡಿದು, ಮಂಡಿ ನೋವಿದ್ದವರು ಹುಷಾರು.

ಮೇಲೆ ಒಬ್ಬರು ಎಚಿಂಗ್ ಮಾಡಿ ತೋರಿಸುತ್ತಿದ್ದರು. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ ಚಿತ್ರ ಬರೆಯುತ್ತಾರೆ. ಆಮೇಲೆ ಆಸಿಡ್‌ನಲ್ಲಿ ಇಟ್ಟರೆ ಲೇಪ ಹೋದ ಕಡೆ ಮಾತ್ರ ತಾಮ್ರ ಕೊರೆಯುತ್ತದೆ. ಆ ಗೀರುಗಳಿಗೆ ಮಸಿ ತುಂಬಿ, ಉಳಿದದ್ದನ್ನು ಒರೆಸಿ, ಒದ್ದೆ ಕಾಗದ ಹಾಸಿ ರೋಲರ್ ಕೆಳಗೆ ದೂಡಿದರೆ ಚಿತ್ರ ಉಲ್ಟಾ ಆಗಿ ಮೂಡುತ್ತದೆ.

ಇಷ್ಟು ನೋಡಿದ ಮೇಲೆ ರೆಂಬ್ರಾಂಟ್ ಹೀಗೇ ಗೀರಿದ 'ಇಲಿ ಹಿಡಿಯುವವನು' ಚಿತ್ರದ ಎದುರು ನಿಂತರೆ ಕಾಲು ಕೀಳುವುದೇ ಕಷ್ಟ. 1632ರದು, ರೆಂಬ್ರಾಂಟ್‌ಗೆ ಆಗ ಸುಮಾರು 26 ವರ್ಷ. ಹಳ್ಳಿಮನೆಯೊಂದರ ಬಾಗಿಲಿಗೆ ಇಲಿ ಪಾಷಾಣ ಮಾರುವವನು ಬಂದಿದ್ದಾನೆ. ಕೈಯಲ್ಲಿ ಉದ್ದ ಕೋಲು, ಅದರ ತುದಿಯಲ್ಲಿ ಬುಟ್ಟಿ, ಬುಟ್ಟಿಯಿಂದ ಜೋತುಬಿದ್ದ ಸತ್ತ ಇಲಿಗಳು. ಅವೇ ಅವನ ಜಾಹೀರಾತು! ಹೆಗಲ ಮೇಲೆ ಜೀವಂತ ಇಲಿಯೊಂದು ಆರಾಮಾಗಿ ಕೂತಿದೆ. ಪಕ್ಕದ ಹುಡುಗ ಪಾಷಾಣದ ಪೆಟ್ಟಿಗೆ ಹಿಡಿದಿದ್ದಾನೆ. ಅರ್ಧ ಬಾಗಿಲ ಹಿಂದಿನ ಮುದುಕ ಮುಖ ಆ ಕಡೆ ತಿರುಗಿಸಿ, ಅಂಗೈಯಿಂದ ಅವನ ಕೈಯನ್ನು ದೂಡುತ್ತಿದ್ದಾನೆ. ಬೇಡಪ್ಪ, ಮುಂದೆ ಹೋಗು ಅಂದ ಹಾಗೆ. ಮಧ್ಯಾಹ್ನ ಮಲಗಿದ್ದಾಗ ಬೆಲ್ ಒತ್ತುವ ಸೇಲ್ಸ್‌ನವರಿಗೆ ನಾವು ಮಾಡುವುದೂ ಇದೇ ಅಲ್ವಾ?

ಆ ದೂಡುವ ಕೈಯನ್ನು ಹತ್ತಿರದಿಂದ ನೋಡಬೇಕು. ನಾಲ್ಕಾರು ಗೀರು ಅಷ್ಟೇ. ಅಷ್ಟರಲ್ಲೇ ಅಸಹ್ಯ, ಬೇಸರ ಎರಡೂ ಕಾಣುತ್ತವೆ. ರಾಜರನ್ನೂ ಸಂತರನ್ನೂ ಬರೆದವರು ಆ ಕಾಲಕ್ಕೆ ಬೇಕಾದಷ್ಟು ಜನ ಇದ್ದರು. ಬಾಗಿಲಲ್ಲಿ ಬೈಸಿಕೊಳ್ಳುವ ಬಡವನನ್ನು ಇಷ್ಟು ಕಾಳಜಿಯಿಂದ ಗೀರಿದ್ದು ನನಗೆ 'ನೈಟ್ ವಾಚ್'ಗಿಂತ ಜಾಸ್ತಿ ಇಷ್ಟವಾಯಿತು.

ಬೆಳಕಿಗೆ ಹಳೇ ಕಾಗದ ಹಾಳಾಗುವುದರಿಂದ ಇಲ್ಲಿ ಹಾಳೆಗಳನ್ನು ಬದಲಿಸುತ್ತಾ ಇರುತ್ತಾರೆ. ನೀವು ಹೋದಾಗ ಈ ಚಿತ್ರವೇ ಬೇಕಿದ್ದರೆ ಮೊದಲೇ ವಿಚಾರಿಸಿಕೊಂಡು ಹೋಗಿ.