ಇಲ್ಲದ ಥರ್ಮೋಸ್ಟಾಟ್ ಬದಲಾಯಿಸಿದ್ದು

ವಿಜಯಪುರ ಬಿಟ್ಟು ಬಬಲೇಶ್ವರ ದಾಟಿದರೂ ನನ್ನ 2006ರ ಮಾರುತಿ 800ರ ಟೆಂಪರೇಚರ್ ಮುಳ್ಳು ಕೆಳಗಿನ ಗೆರೆ ಬಿಟ್ಟು ಏಳುತ್ತಿರಲಿಲ್ಲ. ಡಿಸೆಂಬರ್ ಚಳಿ ಅಂದುಕೊಂಡೆ. ಫೆಬ್ರವರಿ ಕೊನೆಗೆ ಬಿಸಿಲು ಏರಿತು, ಮುಳ್ಳು ಏರಲಿಲ್ಲ. ಲೀಟರಿಗೆ 18 ಕೊಡುತ್ತಿದ್ದ ಗಾಡಿ 14ಕ್ಕೆ ಬಂದು ನಿಂತಿತ್ತು. ಆಯಿಲ್ ಹಾಕುವ ಮುಚ್ಚಳ ತಿರುವಿ ನೋಡಿದರೆ ಅದರ ಒಳಗೆ ಹಳದಿ ಬೆಣ್ಣೆಯಂಥ ಜಿಗುಟು. ಎಂಜಿನ್ ಒಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಒಂದು ರಾತ್ರಿ ನಿದ್ದೆ ಕೆಟ್ಟೆ.

ಆದರೆ ರೇಡಿಯೇಟರ್ ನೀರಿನಲ್ಲಿ ಎಣ್ಣೆ ಇರಲಿಲ್ಲ, ನೀರು ಕಮ್ಮಿಯೂ ಆಗಿರಲಿಲ್ಲ. ಅಂದರೆ ಎಂಜಿನ್ ಸರಿಯಾಗಿ ಕಾಯುತ್ತಲೇ ಇಲ್ಲ, ಆಯಿಲ್‌ನ ತೇವ ಆರುತ್ತಿಲ್ಲ. ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತಿದೆ. ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್, ತೆರೆದೇ ಸಿಕ್ಕಿಕೊಂಡಿರಬೇಕು ಅಂತ ಹೊಸದು ತಂದೆ.

ಭಾನುವಾರ ಎಂಜಿನ್ ಪೂರ್ತಿ ತಣ್ಣಗಿರುವಾಗ ನೀರು ಇಳಿಸಿದೆ. ಬಕೆಟ್ ಮೇಲೆ ತಕ್ಷಣ ಮುಚ್ಚಳ ಇಟ್ಟೆ. ಎಂಜಿನ್ ತಂಪಿಡಲು ನೀರಿಗೆ ಬೆರೆಸುವ ಕೂಲಂಟ್ ಸಿಹಿ, ಓಣಿಯ ನಾಯಿ ನೆಕ್ಕಿದರೆ ಸಾಯುತ್ತದೆ. ನನ್ನ ಗಾಡಿಯಿಂದ ಬಂದದ್ದೇನೋ ಬರೀ ಬೋರಿನ ಸವಳು ನೀರು, ತುಕ್ಕಿನ ಬಣ್ಣದ್ದು. ಎರಡು ಬೋಲ್ಟ್ ಬಿಚ್ಚಿ ಥರ್ಮೋಸ್ಟಾಟ್ ಮೇಲಿನ ಹೌಸಿಂಗ್ ಎತ್ತಿದೆ. ಒಳಗೆ ಹಂಡೆಯ ತಳದ ಹಾಗೆ ಬಿಳಿ ಉಪ್ಪು ಕಟ್ಟಿತ್ತು. ಥರ್ಮೋಸ್ಟಾಟ್ ಇರಲಿಲ್ಲ. ಬೆರಳು ಹಾಕಿ ತಡಕಿದೆ. ಇಲ್ಲವೇ ಇಲ್ಲ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಹೋಸ್‌ಪೈಪ್ ಹಾಕಿಸಿದ್ದೆ. ಆಗ ಮೆಕ್ಯಾನಿಕ್, 'ನಮ್ಮ ಬಿಸಿಲಿಗೆ ವಾಲ್ವ್ ಯಾಕ್ ಬೇಕ್ರೀ' ಅಂದಿದ್ದ. ಸುಮ್ನೆ ಮಾತಿಗೆ ಅಂದ ಅಂತ ತಿಳಿದಿದ್ದೆ.

ಹಾಕುವ ಮೊದಲು ಹೊಸದನ್ನು ಪರೀಕ್ಷೆ ಮಾಡಲೇಬೇಕು ಅನ್ನಿಸಿತು. ಅವ್ವನ ಚಹಾ ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ತಾಗದಂತೆ ದಾರ ಕಟ್ಟಿ ಇಳಿಬಿಟ್ಟೆ. ಹೆಂಡತಿಯ ಕೇಕ್ ಥರ್ಮಾಮೀಟರ್ ಪಕ್ಕದಲ್ಲಿ. ವಾಲ್ವ್ ಮೇಲೆ 82 ಅಂತ ಅಚ್ಚಾಗಿದೆ. 80ರವರೆಗೆ ಏನೂ ಇಲ್ಲ. 83ಕ್ಕೆ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ನೀರು ಕುದಿ ಹತ್ತುವ ಹೊತ್ತಿಗೆ ಸ್ಪ್ರಿಂಗ್ ಅದುಮಿಕೊಂಡು ಕಿರುಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಹಿತ್ತಾಳೆ ಡಬ್ಬಿಯೊಳಗಿನ ಮೇಣ ಕರಗಿ ಉಬ್ಬಿ ಕಡ್ಡಿಯನ್ನು ತಳ್ಳುತ್ತದೆ, ಅಷ್ಟೇ. ವೈರಿಲ್ಲ, ಕರೆಂಟಿಲ್ಲ. ಹೊರಗೆ ತೆಗೆದೆ, ಕಣ್ಣೆದುರೇ ಮೆಲ್ಲಗೆ ಮುಚ್ಚಿಕೊಂಡಿತು. ಮತ್ತೊಮ್ಮೆ ಮುಳುಗಿಸಿದೆ. ಮೂರನೇ ಸಲಕ್ಕೆ ಅವ್ವ ಪಾತ್ರೆ ಕಸಿದುಕೊಂಡಳು.

ಸ್ಪ್ರಿಂಗ್ ಎಂಜಿನ್ ಕಡೆಗೆ, ಗಾಳಿ ಬಿಡುವ ಪುಟ್ಟ ಪಿನ್ನು ಮೇಲಕ್ಕೆ, ಹೊಸ ಪ್ಯಾಕಿಂಗ್. ಅಲ್ಯೂಮಿನಿಯಂ ಹೌಸಿಂಗ್ ಆದ್ದರಿಂದ ಬೋಲ್ಟ್ ಮೇಲೆ ಪೌರುಷ ತೋರಿಸಲಿಲ್ಲ. ಸವಳು ಹೋಗುವವರೆಗೆ ತೊಳೆದು, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿ, ರೇಡಿಯೇಟರ್ ಮುಚ್ಚಳ ತೆರೆದೇ ಎಂಜಿನ್ ಚಾಲೂ ಮಾಡಿದೆ. ಮೇಲಿನ ಹೋಸ್‌ಪೈಪಿನ ಮೇಲೆ ಕೈಯಿಟ್ಟು ನಿಂತೆ. ಹತ್ತು ನಿಮಿಷ ತಣ್ಣಗೇ ಇತ್ತು. ಆಮೇಲೆ ಒಮ್ಮೆಲೇ ಬಿಸಿ! ಕೈ ಕಿತ್ತುಕೊಂಡೆ. ಗುಳುಗುಳು ಅಂತ ಗಾಳಿ ಬಂದು ನೀರು ಕೆಳಗಿಳಿಯಿತು. ಇನ್ನಷ್ಟು ತುಂಬಿ ಮುಚ್ಚಿದೆ.

ಸಂಜೆ ಬಬಲೇಶ್ವರಕ್ಕೆ ಹೋಗಿ ಬಂದೆ. ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದು ಅಲ್ಲೇ ಕೂತಿತು.

ಮರುದಿನ ಚಹಾದಂಗಡಿಯಲ್ಲಿ ಅದೇ ಮೆಕ್ಯಾನಿಕ್ ಸಿಕ್ಕ. ವಾಲ್ವ್ ಕಥೆ ತೆಗೆದೆ. ಅವನು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಾ, 'ಎರಡ್ ವರ್ಷದಾಗ ಗಾಡಿ ಒಮ್ಮೆರ ಹೀಟ್ ಆಗೇತೇನ್ರೀ?' ಅಂದ.

ಇಲ್ಲ ಅಂತಲೇ ಹೇಳಬೇಕಾಯಿತು.